ಪದ್ಮಶ್ರೀಯ ಇಂಟರ್‌ಫೇಸ್

ಪದ್ಮಶ್ರೀ ಹೆರಿಗೆಗೆಂದು ತವರಿಗೆ ಹೊರಟಿದ್ದಳು. ಅವಳಿಗೆ ಚಿಂತೆಯಿದ್ದದ್ದು ಹೆರಿಗೆಯದಲ್ಲ, ಬೈರೇಶನದು. ದಾಬಸ್‌ಪೇಟೆಯ ನಮ್ಮ ಪುಟ್ಟ ಆಫೀಸಿನಲ್ಲಿ ಲಾರಿಯವರಿಗೆ ಲೋಡು ಹುಡುಕಿಕೊಡುವ ಆ್ಯಪ್ ಬರೆಯುವವರು ಅವರಿಬ್ಬರೇ. ನಾನು ಅದನ್ನು ಒತ್ತಿ ನೋಡಿ ತಪ್ಪು ಹೇಳುವವನು, ಹಾಗಾಗಿ ಇಬ್ಬರಿಗೂ ಬೇಡದವನು.

ಲೋಡುಗಳ ಪಟ್ಟಿಯಲ್ಲಿ ಒಂದು ಸಾಲನ್ನು ಒತ್ತಿದರೆ ವಿವರ ತೆರೆಯಬೇಕು, ಫೋನಿನ ಚಿತ್ರ ಒತ್ತಿದರೆ ಕರೆ ಹೋಗಬೇಕು, ಒತ್ತಿ ಹಿಡಿದರೆ ಲೋಡು ಬುಕ್ ಆಗಬೇಕು. ಬೈರೇಶ್ ಮೂರಕ್ಕೂ ಕಾಲ್‌ಬ್ಯಾಕ್ ಇಟ್ಟಿದ್ದ. ಅಂದರೆ, ಒತ್ತಿದಾಗ ಏನು ಮಾಡಬೇಕೆಂಬ ತುಂಡು ಕೋಡನ್ನು ಪಟ್ಟಿಯ ಕೈಗೆ ಕೊಟ್ಟುಬಿಡುವುದು. ಆದರೆ ಮೂರನೆಯದಕ್ಕೆ ಜಾಗವಿಟ್ಟು, ಕೋಡು ಕೊಡಲು ಮರೆತಿದ್ದ. ನಾನು ಒತ್ತಿ ಹಿಡಿದೇ ಹಿಡಿದೆ, ಏನೂ ಆಗಲಿಲ್ಲ.

"ಕ್ರ್ಯಾಶ್ ಆಗ್ಲಿಲ್ಲ ತಾನೆ?" ಎಂದ ಬೈರೇಶ್.

"ಇಂಟರ್‌ಫೇಸ್ ಬರಿ," ಎಂದಳು ಪದ್ಮಶ್ರೀ. "ಮೂರು ಕೆಲಸದ ಹೆಸರೂ ಅದರಲ್ಲಿರುತ್ತೆ. ಒಂದು ಬಿಟ್ರೂ ಆ್ಯಪ್ ಬಿಲ್ಡೇ ಆಗಲ್ಲ, ತಪ್ಪು ತೋರಿಸಿ ನಿಂತ್ಬಿಡುತ್ತೆ. ಬೈಯೋಕೆ ನಾನಂತೂ ಇರಲ್ಲ, ಅದಾದ್ರೂ ಬೈಯ್ಲಿ."

"ನನ್ ಮೇಲೆ ಅಷ್ಟೂ ನಂಬಿಕೆ ಇಲ್ವಾ ಅಕ್ಕ?"

"ಇಲ್ಲ ಕಣೋ."

ಸಂಜೆಗೆ ಬರೆದು ತೋರಿಸಿದ. ಮೂರು ಹೆಸರೂ ಇದ್ದವು, ಮೂರನೆಯದರ ಹೊಟ್ಟೆಯೊಳಗೆ ಏನೂ ಇರಲಿಲ್ಲ. ಬಿಲ್ಡ್ ಮಾತ್ರ ಜಂಬದಿಂದ ಆಗಿತ್ತು. ಪದ್ಮಶ್ರೀ ಹಣೆ ಚಚ್ಚಿಕೊಂಡು, "ದಿನಾ ಫೋನ್ ಮಾಡು, ಹೇಳ್ಕೊಡ್ತೀನಿ" ಎಂದು ತವರೂರು ಅನುಗೊಂಡನಹಳ್ಳಿಗೆ ಹೋದಳು.

ಒಂದು ವಾರ ಕಳೆದರೂ ಅವನು ಫೋನ್ ಮಾಡಲಿಲ್ಲ. ಕೊನೆಗೆ ಅವಳೇ ಮಾಡಿದಳು. ಬೈರೇಶ್ ಸ್ಪೀಕರ್‌ಗೆ ಹಾಕಿದ.

"ಇಂಟರ್‌ಫೇಸ್ ಕಿತ್ತಾಕಿಲ್ಲ ತಾನೆ?"

"ಲೋಡಿನ ಪಟ್ಟೀಲಿ ಇದೆ ಅಕ್ಕ, ಮೂರನ್ನೂ ತುಂಬ್ಸಿದೀನಿ. ಊರು ಆರಿಸೋ ಪಟ್ಟೀಲಿ ಇರೋದೇ ಒಂದು ಕ್ಲಿಕ್ಕು. ಅಲ್ಲಿಗೆ ಕಾಲ್‌ಬ್ಯಾಕೇ ಸಾಕು ಅಂತ ಅದನ್ನೇ ಇಟ್ಟೆ."

ನನಗೂ ತಪ್ಪು ಸಿಕ್ಕಿಲ್ಲವೆಂದು ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡೆ.

"ಗೊತ್ತು. ಬೆಳಗ್ಗಿಂದ ಇಲ್ಲಿ ನಮ್ಮ ಆ್ಯಪನ್ನೇ ಒತ್ಕೊಂಡು ಕೂತಿದೀನಿ," ಎಂದಳು. "ಎಲ್ಲಾ ಸರಿಯಾಗಿದೆ." ಖುಷಿಪಡಬೇಕಾದವಳಿಗೆ ಬೇಜಾರಾಗಿತ್ತು, ದನಿಯೇ ಹೇಳುತ್ತಿತ್ತು. "ಒಂದ್ಸಲನಾದ್ರೂ ನನ್ನ ಕೇಳ್ಬಾರ್ದಾಗಿತ್ತೇನೋ?"

ಬೈರೇಶ್ ನನ್ನ ಮುಖ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ.

"ಅದೇ ಅಕ್ಕ, ಡ್ರೈವರ್‌ಗಳದ್ದು ಇನ್ನೊಂದು ಪಟ್ಟಿ ಬರೀಬೇಕು. ಕಾಲ್‌ಬ್ಯಾಕ್ ಇಡ್ಲಾ, ಇಂಟರ್‌ಫೇಸಾ? ಗೊತ್ತಾಗ್ತಿಲ್ಲ."

ಅಂಥ ಪಟ್ಟಿಯನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಪದ್ಮಶ್ರೀ ಅರ್ಧ ಗಂಟೆ ಹೇಳಿಕೊಟ್ಟಳು, ನಡುನಡುವೆ ನಕ್ಕಳು. ಬೈರೇಶ್ ಗೊತ್ತಿದ್ದದ್ದನ್ನೆಲ್ಲ ಹೂಂಗುಟ್ಟುತ್ತಾ ಕೇಳಿಸಿಕೊಂಡ.