ಗಾಳಿ ದೊಡ್ಡದೋ, ಮಾಡು ಸಡಿಲವೋ

ಚಂಡಮಾರುತ ಹೋಗಿ ನಾಲ್ಕು ದಿನವಾಗಿತ್ತು. ಅದು ಎಷ್ಟು ಜೋರಿತ್ತೆಂದು ಹೇಳಬೇಕಾದವಳು ನಾನು. ನನಗೇ ತಲೆಬುಡ ತಿಳಿಯುತ್ತಿರಲಿಲ್ಲ. ಡೊಮಿನಿಕಾ ದ್ವೀಪದಲ್ಲಿ ಹನ್ನೊಂದು ವರ್ಷದಿಂದ ಗಾಳಿ ಅಳೆಯುವುದೇ ನನ್ನ ನೌಕರಿ. ನಮ್ಮೂರ ಗುಡ್ಡದ ಮೇಲಿನ ಗಾಳಿಮಾಪಕ ಗಂಟೆಗೆ ತೊಂಬತ್ತೆಂಟು ಮೈಲಿ ತೋರಿಸಿ ಮುರಿದುಬಿತ್ತು. ಅದೂ ಮೂರು ಸೆಕೆಂಡಿನ ಒಂದು ಬೀಸಿನ ಲೆಕ್ಕ. ಆಮೇಲೆ ಏನು ಬೀಸಿತೋ ದೇವರಿಗೇ ಗೊತ್ತು.

ಮಾಪಕ ಹೋದಮೇಲೆ ಬಿದ್ದದ್ದನ್ನು ನೋಡಿ ಅಂದಾಜು ಮಾಡಬೇಕು. ಬಾಳೆ ಲೆಕ್ಕಕ್ಕಿಲ್ಲ, ಅದು ಸಣ್ಣ ಗಾಳಿಗೂ ಮಲಗುತ್ತದೆ. ದೀವಿಹಲಸಿನ ಮರ ಬುಡಸಮೇತ ಬಿದ್ದರೆ ಜೋರು ಎನ್ನಬಹುದು. ಆದರೆ ಚರ್ಚಿನ ಹಿಂದಿನ ಮರ ಬಿದ್ದಿತ್ತು, ಅಂಗಡಿ ಮುಂದಿನದು ನಿಂತೇ ಇತ್ತು. ಇನ್ನು ಉಳಿದದ್ದು ಮಾಡು, ಅಂದರೆ ಕಟ್ಟಡಗಳ ಚಾವಣಿ. ಗಟ್ಟಿ ಮಾಡು ಹಾರಿದ್ದರೆ ಗಾಳಿ ಮೂರನೇ ದರ್ಜೆಯದು, ಅಂಕೆ ಏರಿದಷ್ಟೂ ಜೋರು. ಸಡಿಲ ಮಾಡಾದರೆ ಒಂದನೇ ದರ್ಜೆಯದೂ ಸಾಕು. ಹಾರಿದ್ದು ಶಾಲೆಯ ಮಾಡು. ಕಟ್ಟಿದವನು ನನ್ನಪ್ಪ ಯೂಸ್ಟೇಸ್.

ಗಾಳಿ ದೊಡ್ಡದೆಂದು ಬರೆದರೆ ಅಪ್ಪನ ನಲವತ್ತು ವರ್ಷದ ಹೆಸರು ಉಳಿಯುತ್ತದೆ, ಚಿಕ್ಕದೆಂದರೆ ಮಣ್ಣುಪಾಲು. ಗಾಳಿ ತಿಳಿಯಲು ಮಾಡಿನ ಗಟ್ಟಿತನ ತಿಳಿಯಬೇಕು, ಗಟ್ಟಿತನ ತಿಳಿಯಲು ಗಾಳಿ ತಿಳಿಯಬೇಕು! ಮಾಡಿನ ಎದುರು 'ಗಟ್ಟಿ', 'ಸಡಿಲ' ಎಂದು ಎರಡೇ ಖಾನೆ ಇಟ್ಟು ಈ ವರದಿ ನಮೂನೆ ಮಾಡಿದವನು ಕೈಗೆ ಸಿಕ್ಕಿದ್ದರೆ ಚೆನ್ನಾಗಿ ಬೈಯುತ್ತಿದ್ದೆ.

ಆ ಶಾಲೆಯಲ್ಲೇ ಆಶ್ರಯ ಪಡೆದು, ಮಾಡು ಹಾರಿದಾಗ ಕೈ ಮುರಿದುಕೊಂಡಿದ್ದ ಪಕ್ಕದ ಮನೆಯ ಮುದುಕಿ ಮಾ ಫಿಲೋಮೆನ್ ಬೇಲಿಯಿಂದಲೇ ಕೂಗಿದಳು.

"ಏನೇ ಹುಡುಗಿ, ನಿನ್ನ ಮೆಷಿನ್ನು ಮುರೀತಂತೆ? ನನ್ನ ಕೋಳಿಗೂಡು ನೋಡು ಬಾ. ಒಂದು ತಗಡೂ ಅಲ್ಲಾಡಿಲ್ಲ, ಕೋಳಿಗಳು ಕೂತು ಮೊಟ್ಟೆ ಇಟ್ಟಿದಾವೆ. ಮೂರನೇ ದರ್ಜೆ ಗಾಳಿಯಂತೆ! ನಿಮ್ಮಪ್ಪನ ಕೆಲಸ ಮೂರನೇ ದರ್ಜೆ!"

"ಗೂಡು ಕಟ್ಟಿದ್ದೂ ಅಪ್ಪನೇ ಅಲ್ವಾ?"

"ಹೂಂ ಮತ್ತೆ," ಅವಳ ದನಿ ತಗ್ಗಿತು. "ಹೋದ್ಸಲದ ಗಾಳಿಗೆ ಕೋಳಿ ಎಲ್ಲಾ ಹೋದವು ಅಂತ ಅಳ್ತಾ ಕೂತಿದ್ದೆ. ಬಂದು ಕಟ್ಟಿಕೊಟ್ಟ."

ನನಗೆ ಇನ್ನೂ ಗೊಂದಲವಾಯಿತು. ಅದೇ ಕೈ, ಅದೇ ಗಾಳಿ. ಗೂಡು ನಿಂತಿದೆ, ಶಾಲೆ ಹೋಗಿದೆ. ಬಗ್ಗಿ ಗೂಡಿನೊಳಗೆ ನೋಡಿದೆ. ತೊಲೆಗಳನ್ನು ಗೋಡೆಗೆ ಕಟ್ಟಿದ್ದು ಹಸಿರು ಬಣ್ಣದ ಕಬ್ಬಿಣದ ಪಟ್ಟಿಗಳು. ಹೋದ ಸಲದ ಗಾಳಿಯ ನಂತರ ಹಸಿರು ಪಟ್ಟಿ ಊರಿಗೆ ಬಂದದ್ದು ಶಾಲೆಯ ಮಾಡಿಗೆಂದು ಮಾತ್ರ.

"ಆರೇ ಪಟ್ಟಿ," ಎಂದಿತು ಹಿಂದಿನಿಂದ ಅಪ್ಪನ ದನಿ. ಯಾವಾಗ ಬಂದು ನಿಂತಿದ್ದನೋ. "ಶಾಲೆ ಜಗಲಿಯ ಮಾಡಿಗೆ ಮೊಳೆ ಸಾಕು ಅಂದ್ಕೊಂಡೆ ಮಗಾ. ಇವಳು ಅಳೋದು ನೋಡೋಕಾಗ್ಲಿಲ್ಲ."

ಗಾಳಿ ಆ ಜಗಲಿಯ ಮಾಡಿನ ಅಡಿಯಿಂದಲೇ ನುಗ್ಗಿ ಇಡೀ ಮಾಡನ್ನು ಎತ್ತಿತ್ತು. ಫಿಲೋಮೆನ್ ತನ್ನ ಪ್ಲಾಸ್ಟರಿನ ಕೈಯನ್ನು ನೋಡಿಕೊಂಡಳು, ಗೂಡನ್ನು ನೋಡಿದಳು.

"ಗಾಳಿ ದೊಡ್ಡದಿತ್ತು ಅಂತ ಬರಿಯೇ," ಎಂದಳು. "ಯಾರು ಬಂದು ಕೇಳ್ತಾರೆ?"

ನನಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಪೆನ್ಸಿಲು ಏಳಲಿಲ್ಲ. ಅಪ್ಪನೇ ಅದನ್ನು ಕಿತ್ತುಕೊಂಡು ನಮೂನೆಯಲ್ಲಿ 'ಸಡಿಲ' ಎಂಬ ಖಾನೆಗೆ ಗುರುತು ಹಾಕಿದ.

"ಈಗ ನಿನ್ನ ಲೆಕ್ಕ ಸರಿಹೋಗತ್ತಾ?"

"ಹೋಗತ್ತೆ ಅಪ್ಪಾ. ಒಂದನೇ ದರ್ಜೆ."

ಶಾಲೆಗೆ ವಾಪಸು ಕೊಡಲೆಂದು ಅವನು ಸುತ್ತಿಗೆ ತೆಗೆದು ಪಟ್ಟಿಗಳನ್ನು ಕೀಳಲು ಬಗ್ಗಿದ. ಫಿಲೋಮೆನ್ ಗೂಡಿಗೆ ಅಡ್ಡ ನಿಂತಳು.

"ನಾಲ್ಕು ದಿನದಿಂದ ಊರೆಲ್ಲಾ ನಿನ್ನ ಬೈಕೊಂಡು ತಿರುಗಿದೆ," ಎಂದಳು. "ಬೈದಿದ್ದೇ ಸರಿಯಾಗಿತ್ತಲ್ಲೋ ಯೂಸ್ಟೇಸ್. ನನಗೋಸ್ಕರ ಮಾಡಿದ್ದು ಅಂತ ಗೊತ್ತಾಯ್ತಲ್ಲ, ಇನ್ಮೇಲೆ ಹೆಂಗೆ ಬೈಲಿ?"