ಹಳದಿ ಪುಟಕ್ಕೆ ಹಸಿರು ಬಣ್ಣ

"ನನ್ನ ಪುಟದ ಮೇಲೆ ಆ ಎದುರು ಕ್ಲಾಸಿನ ಜಗದಾಳೆಯ ಹಸಿರು ಬಣ್ಣ ಯಾಕ್ರೀ ಬಂತು? ಅವನ ದೀಪದ ಗುರುತು ಬೇರೆ! ರಿಸಲ್ಟ್ ನೋಡೋಕೆ ಹೋದ ಅಪ್ಪ ಅಮ್ಮಂದಿರೆಲ್ಲ ಫೋನ್ ಮಾಡಿ, 'ಸರ್, ಕ್ಲಾಸು ಅವರಿಗೆ ಮಾರಿಬಿಟ್ರಾ' ಅಂತಿದಾರೆ!"

ಸಾಸವಡದ ಟ್ಯೂಷನ್ ಮೇಷ್ಟ್ರು ಢಮಢೇರೆ ಸರ್ ಫೋನಿನಲ್ಲಿ ಹೀಗೆ ಕೂಗಾಡಿದ್ದು ಬೆಳಿಗ್ಗೆ ಹತ್ತಕ್ಕೆ. ಹನ್ನೊಂದರ ಹೊತ್ತಿಗೆ ಪುಣೆಯ ಆ ಪುಟ್ಟ ಕಚೇರಿಯ ಆರೂ ಜನ ಒಡತಿ ಶೇಜವಲ್ಕರ್ ಮೇಡಂ ಮೇಜಿನ ಸುತ್ತ ತಲೆ ತಗ್ಗಿಸಿ ನಿಂತಿದ್ದರು.

ಟ್ಯೂಷನ್ ಕ್ಲಾಸುಗಳಿಗೆ ವೆಬ್ ಪುಟ ಮಾಡಿಕೊಡುವುದು ಅವರ ಕಸುಬು. ಬಣ್ಣ, ಅಕ್ಷರದ ಗಾತ್ರ, ಗುರುತು ಎಲ್ಲವನ್ನೂ ಕ್ಲಾಸಿನವರೇ ಆರಿಸಿಕೊಳ್ಳಬಹುದು. ಗುಂಡಿ ಒತ್ತಿದರೆ ಪ್ರೋಗ್ರಾಮು ನಿಂತ ನಿಲುವಿನಲ್ಲೇ ಪುಟಕ್ಕೆ ಉಡುಪು ಹೊಲಿದು ತೊಡಿಸುತ್ತದೆ. ಆ ಪ್ರೋಗ್ರಾಮನ್ನು ಐದು ತಿಂಗಳು ಕೂತು ಬರೆದವಳು ಮುಗ್ಧಾ ಘೈಸಾಸ್. ಹಳದಿಯ ಮೇಲೆ ಹಳದಿ ಅಕ್ಷರ ಇಟ್ಟುಕೊಂಡು "ಏನೂ ಕಾಣಿಸ್ತಿಲ್ಲ" ಎಂದು ಬೈಯುವ ಮಹಾನುಭಾವರನ್ನೂ ಅವಳು ಹಲ್ಲು ಕಚ್ಚಿ ಸಹಿಸಿದ್ದಳು. ಒಬ್ಬರ ಉಡುಪು ಇನ್ನೊಬ್ಬರಿಗೆ ಮಾತ್ರ ಎಂದೂ ಹೋಗಿರಲಿಲ್ಲ.

ಹೋದ ಮಂಗಳವಾರ ಸಾಕೇತ್ ಅವಳ ಮೇಜಿಗೆ ಬಂದಿದ್ದ. ಮೇಡಂ ಬಿಟ್ಟರೆ ಕಚೇರಿಯಲ್ಲಿ ಅವನೇ ಹಿರಿಯ. "ಪ್ರತಿ ಸಲ ಹೊಸದಾಗಿ ಹೊಲಿಯೋದ್ಯಾಕೆ? ಒಂದ್ಸಲ ಹೊಲಿದಿಟ್ಟು ಅದನ್ನೇ ಕೊಡೋಣ. ಸರಿ ಆಚೆ," ಎಂದವನೇ ಅವಳ ಕುರ್ಚಿಯಲ್ಲಿ ಕೂತು ಟಕಟಕ ಕುಟ್ಟಿದ.

"ಸಾಕೇತ್ ದಾದಾ, ಹೊಲಿದಿಟ್ಟಿದ್ದರ ಮೇಲೆ ಕ್ಲಾಸಿನ ನಂಬರ್ ಹಾಕಬೇಡ್ವಾ? ಯಾರದ್ದೋ ಯಾರಿಗೋ ಹೋಗುತ್ತೆ."

"ಅಯ್ಯೋ, ಎಷ್ಟು ಹೆದರ್ತೀಯೇ ಮಾರಾಯ್ತಿ! ಅದೆಲ್ಲ ಆಮೇಲೆ."

ಹಿರಿಯರು ಕಿರಿಯರ ಯಂತ್ರದ ಮುಂದೆ ಕೂತು ಕುಟ್ಟುವುದಕ್ಕೆ ಆ ಕಚೇರಿಯಲ್ಲಿ ಕಲಿಸುವುದು ಎಂದು ಹೆಸರು. ಆದರೆ ಕುಟ್ಟಿದ ಬೆರಳು ಯಾರದೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಯಂತ್ರ ಯಾರದೋ ಅವರ ಹೆಸರನ್ನೇ ಅದು ಬರೆದಿಟ್ಟುಕೊಳ್ಳುತ್ತದೆ.

ಮೇಡಂ ಅದನ್ನೇ ಈಗ ಓದಿದರು. "ಮಂಗಳವಾರ, ನಾಲ್ಕೂ ಹತ್ತು. ಮುಗ್ಧಾ ಘೈಸಾಸ್."

ಮುಗ್ಧಾ ಸಾಕೇತನ ಮುಖ ನೋಡಿದಳು. ಅವನು ಗಡ್ಡ ಕೆರೆದುಕೊಂಡ. "ಹೋಗ್ಲಿ ಬಿಡಿ ಮೇಡಂ, ಹೊಸಬಳು. ತಪ್ಪು ಎಲ್ಲರ ಕೈಲೂ ಆಗುತ್ತೆ. ನಾನು ಹೇಳಿಕೊಡ್ತೀನಿ."

ಕ್ಷಮಿಸುತ್ತಿದ್ದಾನೆ! ಅವಳ ಮೈಯೆಲ್ಲ ಉರಿದುಹೋಯಿತು. ಆದರೆ ದಾಖಲೆಯಲ್ಲಿ ಇರುವುದು ಅವಳದೇ ಹೆಸರು. ಅಲ್ಲ ಎಂದರೆ ಯಾರು ನಂಬುತ್ತಾರೆ?

"ನೌಕರಿ ಕಾಯಂ ಮಾಡೋ ತಿಂಗಳಲ್ಲೇ ಹೀಗೆ ಮಾಡ್ಕೊಂಡ್ಯಲ್ಲ," ಎಂದರು ಮೇಡಂ. "ಇನ್ನು ಯೋಚನೆ ಮಾಡ್ಬೇಕಾಗುತ್ತೆ. ಮೊದಲು ಸರಿ ಮಾಡು. ಆಮೇಲೆ ಸರ್‌ಗೆ ನೀನೇ ಫೋನ್ ಮಾಡಿ ಕ್ಷಮೆ ಕೇಳು."

ಸರಿ ಮಾಡಲು ಒಂದೇ ಸಾಲು ಬೇಕಿತ್ತು, ಮಂಗಳವಾರ ಅವಳು ಬೇಡಿಕೊಂಡಿದ್ದ ಸಾಲು. ಎಲ್ಲ ಪುಟಗಳನ್ನೂ ತೆರೆದು ತೆರೆದು ನೋಡಿ ಮುಗಿಸುವಷ್ಟರಲ್ಲಿ ಊಟದ ಹೊತ್ತಾಯಿತು. ಫೋನ್ ಮಾಡಿದಳು.

"ಹಾಂ, ನನ್ನ ಹಳದಿ ಬಂತು," ಎಂದರು ಢಮಢೇರೆ ಸರ್. ದನಿ ತಣ್ಣಗಾಗಿತ್ತು. "ಇದನ್ನ ಮಾಡಿದ್ದು ನೀನೇನಾ ಅಮ್ಮಾ?"

"ಕ್ಷಮಿಸಿ ಸರ್."

"ನಾನು ಕೇಳಿದ್ದು ಅದಲ್ಲ. ಇಪ್ಪತ್ತೆಂಟು ವರ್ಷದಿಂದ ಮಕ್ಕಳನ್ನ ಬೆಂಚಿನ ಮೇಲೆ ನಿಲ್ಲಿಸ್ತಾ ಇದೀನಿ. ಕೆಲವು ಸಲ ತಪ್ಪು ಮಾಡದೇ ಇದ್ದವರನ್ನೂ ನಿಲ್ಲಿಸಿದೀನಿ. ಹೇಳು, ನೀನೇನಾ?"

ಬೆಳಿಗ್ಗೆಯಿಂದ ಇದೊಂದು ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ.

"ಅಲ್ಲ ಸರ್," ಎಂದಳು. "ನಾನಲ್ಲ."

ಅಕ್ಕಪಕ್ಕದ ಕೀಲಿಮಣೆಗಳ ಸದ್ದು ನಿಂತಿತು. ಅವಳು ಫೋನ್ ಇಡುವುದಕ್ಕೂ ಸಾಕೇತ್ ಎದ್ದು ಬರುವುದಕ್ಕೂ ಸರಿಹೋಯಿತು. ಅವಳ ಕಡೆಗೆ ಬಗ್ಗಿ, ದನಿ ತಗ್ಗಿಸಿ, ಗಾಬರಿಯಿಂದ ಕೇಳಿದ: "ಯಾರ ಹೆಸರು ಹೇಳಿದೆ?"

ಮುಗ್ಧಾ ಅವನ ಭುಜದಾಚೆ ನೋಡಿದಳು. ಅವನ ಬೆನ್ನ ಹಿಂದೆ, ಊಟ ಬಿಸಿ ಮಾಡಿಕೊಳ್ಳಲು ಹೊರಟಿದ್ದ ಮೇಡಂ ಆ ಪ್ರಶ್ನೆ ಕಿವಿಗೆ ಬಿದ್ದು ಡಬ್ಬಿ ಹಿಡಿದುಕೊಂಡು ಹಾಗೇ ನಿಂತಿದ್ದರು.