ಒಂದು ಬೆಡ್‌ಶೀಟಿನ ತಕರಾರು

ನನ್ನ ಎಣಿಕೆ ತಪ್ಪುವುದಿಲ್ಲ. ಜಂಬಕ್ಕೆ ಹೇಳುತ್ತಿಲ್ಲ. ಮೂವತ್ತೊಂದು ವರ್ಷ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಕೋಣೆಯ ಉಸ್ತುವಾರಿ ನೋಡಿಕೊಂಡವನು ನಾನು. ರೂಮುಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲು ಎಲ್ಲ ಒಗೆತಕ್ಕೆ ಹೋಗುವಾಗಲೂ ಬರುವಾಗಲೂ ನನ್ನ ಕೈ ದಾಟಿಯೇ ಹೋಗಬೇಕು. ಮಡಿಸಿಟ್ಟ ಅಂಚನ್ನು ಹೆಬ್ಬೆರಳಲ್ಲಿ ಸವರಿದರೆ ಸಾಕು, ಕಟ್ಟಿನಲ್ಲಿ ಎಷ್ಟಿವೆ ಎಂದು ಬೆರಳೇ ಹೇಳುತ್ತಿತ್ತು. ಕೆಲಸದವರು ಹಿಂದಿನಿಂದ ನನ್ನನ್ನು ಲೆಕ್ಕಪ್ಪ ಎನ್ನುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ನನ್ನ ಸಿಟ್ಟೆಲ್ಲ ಕಲೆಗಳ ಮೇಲೆ. ಕಾಫಿ, ಎಣ್ಣೆ, ಶಾಯಿ, ರಕ್ತ. ದುಡ್ಡು ಕೊಟ್ಟ ಮಾತ್ರಕ್ಕೆ ಹಾಸಿಗೆಯ ಮೇಲೆ ಏನು ಬೇಕಾದರೂ ಮಾಡಬಹುದು ಎಂದು ಜನ ತಿಳಿದುಕೊಂಡಿರುತ್ತಾರೆ. ಸಂಜೆ ಮನೆಗೆ ಬಂದು ಊಟಕ್ಕೆ ಕೂತರೂ ನನ್ನದು ಅದೇ ರಾಗ. ಮನುಷ್ಯರೋ ದನಗಳೋ ಎಂದು ಬೈಯುತ್ತಲೇ ಉಣ್ಣುತ್ತಿದ್ದೆ. ಹೆಂಡತಿ ಬಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಒಮ್ಮೊಮ್ಮೆ, ಪಾಪ ಅವರಿಗೇನು ಕಷ್ಟವಿತ್ತೋ ಏನೋ ಅನ್ನುತ್ತಿದ್ದಳು. ಆಗ ಅವಳ ಮೇಲೂ ಹರಿಹಾಯುತ್ತಿದ್ದೆ. ಮೂವತ್ತೊಂದು ವರ್ಷ ಅವಳು ಇದನ್ನು ಕೇಳಿದಳು.

ನಾನು ನಿವೃತ್ತನಾದ ಮೇಲೆ ಅವಳಿಗೆ ಒಂದೇ ಆಸೆ. "ಇಷ್ಟು ವರ್ಷ ಕಂಡಕಂಡವರಿಗೆಲ್ಲ ಶೀಟು ಹೊಂದಿಸಿದ್ರಿ. ಒಂದು ಸಲ ನಾವೂ ಹೋಗಿ ಅಂಥ ಹಾಸಿಗೆ ಮೇಲೆ ಮಲಗೋಣ ಕಣ್ರೀ," ಅಂದಳು. ಖರ್ಚು ಎಂದು ನಾನು ಎರಡು ವರ್ಷ ಮುಂದೆ ತಳ್ಳಿದೆ. ಮದುವೆಯಾಗಿ ನಲವತ್ತು ವರ್ಷ ತುಂಬಿದಾಗ ಮಗಳು ಹಿಡಿದ ಹಟ ಬಿಡಲಿಲ್ಲ, ಒಪ್ಪಿಕೊಂಡೆ. ಸಮುದ್ರದ ಕಡೆ ಕಿಟಕಿ ಇರುವ ಒಂದು ಹೋಟೆಲು, ಎರಡು ರಾತ್ರಿ. ಹೆಂಡತಿ ರೂಮಿಗೆ ಕಾಲಿಟ್ಟವಳೇ ಹಾಸಿಗೆಯ ಮೇಲೆ ಅಂಗೈ ಆಡಿಸಿ, ಎಷ್ಟು ನುಣುಪಾಗಿದೆ ನೋಡಿ ಅಂದಳು. ನಾನು ಹೊಲಿಗೆಯ ಅಂಚು ತಿರುಗಿಸಿ ನೋಡಿ, ದಾರ ಕಳಪೆ ಅಂದೆ. ಅವಳು ನಕ್ಕಳು.

ಎರಡನೆಯ ಬೆಳಿಗ್ಗೆ ನಾನು ಪೇಪರ್ ತರಲು ಕೆಳಗೆ ಹೋಗಿದ್ದೆ. ಬರುವಷ್ಟರಲ್ಲಿ ಅವಳ ಸ್ನಾನ ಮುಗಿದಿತ್ತು, ಹಾಸಿಗೆ ಸುಕ್ಕಿಲ್ಲದೆ ಹಾಸಿತ್ತು. ಕೆಲಸದವರು ಮಾಡುವುದನ್ನು ನೀನ್ಯಾಕೆ ಮಾಡಿದೆ ಎಂದು ಕೇಳಿದರೆ, ಸುಮ್ಮನೆ ಕೂರಕ್ಕೆ ಬರಲ್ಲವಲ್ಲ ಅಂದಳು. ಹೊರಡುವ ಮುಂಚೆ ನಾನು ಅಭ್ಯಾಸಬಲದಿಂದ ಎಲ್ಲ ಎಣಿಸಿದೆ. ಬೆಡ್‌ಶೀಟು ಎರಡು, ದಿಂಬಿನ ಕವರು ಎರಡು, ಟವೆಲು ನಾಲ್ಕು, ಕಾಲೊರಸು ಒಂದು. ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟೆ, ಮೊಬೈಲಿನಲ್ಲಿ ಫೋಟೊ ಕೂಡ ತೆಗೆದೆ. ಅವಳು ಚೀಲ ತಬ್ಬಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೊಡು ಅಂದರೆ, ಇದೇನು ಭಾರ, ನಾನೇ ಹಿಡ್ಕೋತೀನಿ ಅಂದಳು.

ವಾರ ಕಳೆಯುವಷ್ಟರಲ್ಲಿ ನನ್ನ ಕಾರ್ಡಿನಿಂದ ದುಡ್ಡು ಹೋದ ಮೆಸೇಜು ಬಂತು. ಆ ರೂಮಿನಿಂದ ಒಂದು ಬೆಡ್‌ಶೀಟು ಕಾಣೆಯಾಗಿದೆಯಂತೆ. ನನ್ನ ಮೈಯೆಲ್ಲ ಉರಿದುಹೋಯಿತು. ದುಡ್ಡು ಹಾಳಾಗಲಿ, ಶೀಟಿನ ಲೆಕ್ಕದಲ್ಲಿ ನನ್ನನ್ನು ಕಳ್ಳ ಅಂದರಲ್ಲ.

ಫೋನು ಮಾಡಿದೆ. ಅಲ್ಲಿಯ ಬಟ್ಟೆ ಕೋಣೆಯವನು ಮೆತ್ತಗಿನ ಮನುಷ್ಯ. ಕೆಳಗೆ ಬಂದ ಕಟ್ಟಿನಲ್ಲಿ ಒಂದು ಕಡಿಮೆಯಿದೆ, ಆ ಬೆಳಿಗ್ಗೆ ನಿಮ್ಮ ಮನೆಯವರು ಇನ್ನೊಂದು ಶೀಟು ಕೇಳಿ ಪಡೆದರು ಎಂದು ರೂಮು ಗುಡಿಸುವ ಹೆಂಗಸು ಹೇಳುತ್ತಾಳೆ, ಹಳೆಯದು ಮಾತ್ರ ವಾಪಸು ಬಂದಿಲ್ಲ ಅಂದ. ಹಾಗಾದರೆ ಕದ್ದವಳು ಅವಳೇ, ಮೂವತ್ತೊಂದು ವರ್ಷ ನಿನ್ನದೇ ಕೆಲಸ ಮಾಡಿದವನು, ಇಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ ಎಂದು ಕೂಗಾಡಿದೆ. ಅವಳು ಅಂಥವಳಲ್ಲ ಸಾರ್ ಎಂದು ಅವನು ಮತ್ತೆ ಮತ್ತೆ ಹೇಳಿದ. ನಾನು ಬ್ಯಾಂಕಿಗೆ ತಕರಾರು ಅರ್ಜಿ ಹಾಕಿದೆ, ಫೋಟೊ ಲಗತ್ತಿಸಿದೆ.

ಹೆಂಡತಿಯನ್ನೂ ಕೇಳಿದೆ, ನೀನೇನಾದರೂ ಶೀಟು ಕೇಳಿದ್ದೆಯಾ ಎಂದು. ನೆನಪಿಲ್ಲ ಅಂದಳು. ಹೋಗ್ಲಿ ಬಿಡಿ, ಒಂದು ಶೀಟಿಗೋಸ್ಕರ ಯಾಕೆ ರಂಪ ಅಂದಳು. ನಾನು ಬಿಡುವ ಆಸಾಮಿಯಲ್ಲ. ಮೂರನೆಯ ಪತ್ರ ಬರೆಯುತ್ತಿದ್ದಾಗ ಅವಳು ಬಂದು ಮೇಜಿನ ಪಕ್ಕ ನಿಂತಳು.

"ಒಂದ್ವೇಳೆ ನಮ್ಮಿಂದಲೇ ತಪ್ಪಾಗಿದ್ರೆ?"

"ಶೀಟಿನ ವಿಷಯದಲ್ಲಿ ನಂಗೆ ಪಾಠ ಹೇಳಕ್ಕೆ ಬರಬೇಡ," ಎಂದೆ. ತಲೆ ಎತ್ತಲಿಲ್ಲ.

ಅವಳು ಅಡುಗೆಮನೆಗೆ ಹೋದಳು. ಆವತ್ತು ಒಂದು ಸಲ ಅವಳ ಮುಖ ನೋಡಿದ್ದರೆ ಎಂದು ಈಗ ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತೇನೆ.

ಹೋಟೆಲಿಗೆ ಹೋಗಿಬಂದ ನಾಲ್ಕನೆಯ ತಿಂಗಳು ಅವಳು ಬಚ್ಚಲಲ್ಲಿ ಕುಸಿದು ಬಿದ್ದಳು. ನಾನೂ ಮಗಳೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮುಟ್ಟು ನಿಂತು ಎಷ್ಟೋ ವರ್ಷಗಳ ಮೇಲೆ ರಕ್ತ ಹೋಗಲು ಶುರುವಾಗಿದ್ದು ಯಾವಾಗ ಎಂದು ಡಾಕ್ಟರು ಕೇಳಿದರು. ಅವಳು ನನ್ನ ಕಡೆ ನೋಡಿ, ಒಂದು ತಿಂಗಳಾಯ್ತೇನೋ ಅಂದಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನಮ್ಮನ್ನು ಹೊರಗೆ ಕರೆದರು. ಗರ್ಭಕೋಶದ ಕ್ಯಾನ್ಸರ್ ಎಲ್ಲ ಕಡೆ ಹರಡಿಬಿಟ್ಟಿದೆ, ಮೂರ್ನಾಲ್ಕು ತಿಂಗಳು ಮುಂಚೆ ಬಂದಿದ್ದರೆ ತೆಗೆದುಹಾಕಿ ಉಳಿಸಬಹುದಿತ್ತು ಅಂದರು. ಯಾಕೆ ಹೇಳಲಿಲ್ಲ ಎಂದು ನಾನು ಅವಳ ಮೇಲೆ ರೇಗಿದೆ. ಹಾಸಿಗೆ ಹಿಡಿದವಳ ಮೇಲೂ ರೇಗಿದವನು ನಾನು. ಏಳು ವಾರಕ್ಕೆ ಅವಳು ಹೋದಳು.

ಅದಾಗಿ ಹದಿನೈದು ದಿನಕ್ಕೆ ಬ್ಯಾಂಕಿನ ಮೆಸೇಜು ಬಂತು. ತಕರಾರು ನನ್ನ ಪರವಾಗಿ ತೀರ್ಮಾನವಾಗಿದೆ, ಹಣ ಮರಳಿ ಜಮಾ ಆಗಿದೆ. ನೋಡಿದೆಯಾ, ಗೆದ್ದೆ ಎಂದು ಹೇಳಲು ಎದ್ದು ಅಡುಗೆಮನೆಯ ಬಾಗಿಲ ತನಕ ಹೋದೆ. ಅಲ್ಲಿ ಮಗಳು ಪಾತ್ರೆ ತೊಳೆಯುತ್ತಿದ್ದಳು. ಏನಪ್ಪಾ ಅಂದಳು, ಏನಿಲ್ಲ ಅಂದೆ.

ಆ ಭಾನುವಾರ ಮಗಳು ಅಮ್ಮನ ಕಪಾಟು ಖಾಲಿ ಮಾಡಲು ಕೂತಳು. ಆ ಪ್ರಯಾಣದ ಚೀಲ ತಳದಲ್ಲಿತ್ತು. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಬಿಳಿ ಬೆಡ್‌ಶೀಟು. ಅಂಚಿಗೆ ಅಂಚು ಸೇರಿಸಿ, ನಾನು ಮಡಿಸುವ ಹಾಗೆಯೇ ಮಡಿಸಿದ್ದಳು. ಮೂಲೆಯಲ್ಲಿ ಆ ಹೋಟೆಲಿನ ಗುರುತಿತ್ತು. ಬಿಡಿಸಿದರೆ ಒಂದು ಪಕ್ಕಕ್ಕೆ ಅಂಗೈ ಅಗಲದ ಕಂದು ಕಲೆ.

ಅವಳು ಅದನ್ನು ಬಿಸಿನೀರಿನಲ್ಲಿ ತೊಳೆದಿದ್ದಳು, ನೋಡಿದ ಕೂಡಲೇ ಗೊತ್ತಾಯಿತು. ರಕ್ತದ ಕಲೆಗೆ ತಣ್ಣೀರು ಬೇಕು. ಬಿಸಿನೀರು ಬಿದ್ದರೆ ಅದು ನೂಲಿಗೆ ಕಚ್ಚಿಕೊಂಡುಬಿಡುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲನೆಯ ದಿನ ನಾನು ಹೇಳಿಕೊಡುತ್ತಿದ್ದ ಪಾಠ ಇದು. ಮನೆಯಲ್ಲಿ ಬೈದಿದ್ದೇ ಬಂತು, ಇಷ್ಟನ್ನು ಹೇಳಿಕೊಟ್ಟಿರಲಿಲ್ಲ. ರೂಮಿನಲ್ಲಿ ನಾನು ಎಣಿಸಿದ ಎರಡು ಶೀಟಿನ ಲೆಕ್ಕವೂ ಸರಿಯಾಗಿತ್ತು, ಕೆಳಗೆ ಅವರು ಎಣಿಸಿದ್ದೂ ಸರಿಯಾಗಿತ್ತು.

ಮಾರನೆಯ ದಿನ ಬಸ್ಸು ಹತ್ತಿ ಆ ಹೋಟೆಲಿಗೆ ಹೋದೆ. ಬಟ್ಟೆ ಕೋಣೆಯವನ ಮುಂದೆ ಶೀಟು ಇಟ್ಟು, ತಪ್ಪು ನಮ್ಮದೇ ಅಂದೆ. ದುಡ್ಡು ನನಗೆ ವಾಪಸು ಬಂದ ಮೇಲೆ ಅದನ್ನು ಆ ರೂಮು ಗುಡಿಸುವ ಹೆಂಗಸಿನ ಸಂಬಳದಲ್ಲಿ ಹಿಡಿದರಾ ಎಂದು ಕೇಳಿದೆ. ನಿಮಗೆ ಗೊತ್ತಿರೋದೇ ಅಲ್ವಾ ಸಾರ್ ಅಂದ. ಗೊತ್ತಿತ್ತು. ಅದೇ ನಿಯಮದಲ್ಲಿ ನಾನೂ ಎಷ್ಟೋ ಜನರ ಸಂಬಳ ಹಿಡಿದಿದ್ದೆ.

ಅವಳನ್ನು ಕರೆಸಿದ. ನನ್ನ ಮಗಳ ವಯಸ್ಸಿನವಳು. ಬಂದವಳು ನನ್ನನ್ನು ನೋಡಿ, ಮೇಜಿನ ಮೇಲಿದ್ದ ಶೀಟು ನೋಡಿ, ಅಮ್ಮ ಬರಲಿಲ್ವಾ ಎಂದು ಕೇಳಿದಳು. ಹೋಗಿಬಿಟ್ಟಳಮ್ಮ ಅಂದೆ. ಅವಳು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಆವತ್ತೇ ಹೇಳ್ದೆ, ಈ ವಯಸ್ಸಲ್ಲಿ ಹೀಗಾಗಬಾರದಮ್ಮ, ಡಾಕ್ಟರಿಗೆ ತೋರಿಸಿ ಅಂತ. ಹೂಂ ಅಂದ್ರು. ಶೀಟು ಕೊಡಿ ಅಂದ್ರೆ, ತೊಳೆದು ನಾನೇ ಕೊಡ್ತೀನಿ ಅಂತ ಕೊಡಲೇ ಇಲ್ಲ. ನಮ್ಮನೆಯವರಿಗೆ ಮಾತ್ರ ಗೊತ್ತಾಗಬಾರದು, ಕಲೆ ಕಂಡ್ರೆ ಅವರು ಮನುಷ್ಯರೋ ದನಗಳೋ ಅಂತಾರೆ ಅಂತ ನಕ್ಕರು. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ. ಅದಕ್ಕೇ ಇನ್ನೊಂದು ಶೀಟು ಕೇಳಿದ್ರು ಅಂತಷ್ಟೇ ಹೇಳಿದ್ದು, ಯಾಕೆ ಅಂತ ಹೇಳಲಿಲ್ಲ."

ನಾನು ಕಳ್ಳಿ ಎಂದು ಕೂಗಾಡಿದ ಹೆಂಗಸು ನನ್ನ ಹೆಂಡತಿಗೆ ಕೊಟ್ಟ ಮಾತು ಉಳಿಸಲು ಸಂಬಳ ಕಳೆದುಕೊಂಡಿದ್ದಳು. ತಪ್ಪಾಯ್ತಮ್ಮ ಎಂದು ಕೈಮುಗಿದೆ. ದುಡ್ಡು ಕೊಟ್ಟರೆ ಬೇಡ ಬೇಡ ಅಂದಳು, ಆಮೇಲೆ ನನ್ನ ಮುಖ ನೋಡಿ ತೆಗೆದುಕೊಂಡಳು.

ಬಟ್ಟೆ ಕೋಣೆಯವನು ಶೀಟನ್ನು ಹಿಡಿದು ನೋಡಿದ. ಈ ಕಲೆ ಹೋಗಲ್ಲ, ಹರಿದು ನೆಲ ಒರೆಸಕ್ಕೆ ಹಾಕಬೇಕು ಅಷ್ಟೇ ಅಂದ. ಅದು ನನಗೆ ಬೇಕು ಅಂದೆ. ಅವನು ಮಡಿಸಿ ಕೊಟ್ಟ.

ಮನೆಗೆ ಬಂದು ಅದನ್ನು ನಮ್ಮ ಮಂಚದ ಮೇಲೆ ಹಾಸಿದೆ. ಕಲೆ ಅವಳು ಮಲಗುತ್ತಿದ್ದ ಕಡೆಗೆ ಬಂತು. ನೀರು ತಂದಿಡಲು ಬಂದ ಮಗಳು ನೋಡಿ, "ಅಪ್ಪಾ, ಕಲೆ ಆಗಿದೆಯಲ್ಲ, ಬೇರೆ ಹಾಕ್ಲಾ?" ಅಂದಳು.

"ಇರ್ಲಿ ಬಿಡು. ಕಲೆ ತಾನೇ," ಎಂದೆ.

ಇಷ್ಟು ಮಾತನ್ನು ಅವಳಿದ್ದಾಗ ಒಂದೇ ಒಂದು ದಿನ ಆಡಿದ್ದರೆ ಸಾಕಿತ್ತು.